‘ಸ್ವಲ್ಪ’ ಅಂದ್ರೆ ಎಷ್ಟು?

1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಹತ್ತಿರ ಬ್ರಿಟಿಷರ ಗ್ಲಾಸ್ಟರ್ ಪಡೆಯನ್ನು ಚೀನೀ ಸೈನ್ಯ ಸುತ್ತುವರಿದಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ಅಮೆರಿಕದ ಮೇಲಧಿಕಾರಿಗೆ ಹೇಳಿದ್ದು ಇಷ್ಟೇ ಅಂತಾರೆ: ‘ಥಿಂಗ್ಸ್ ಆರ್ ಎ ಬಿಟ್ ಸ್ಟಿಕಿ, ಸರ್.’ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಕೇಳಿದ್ದರೆ ‘ಮುಳುಗಿದ್ವಿ’ ಅಂತ ತಿಳ್ಕೊಳ್ತಿದ್ದ. ಅಮೆರಿಕದವನಿಗೆ ಕೇಳಿಸಿದ್ದು ‘ಸ್ವಲ್ಪ ಕಷ್ಟ, ನಿಭಾಯಿಸ್ತೀವಿ’. ಹಿಂದೆ ಸರಿಯುವ ಆದೇಶ ಸಕಾಲಕ್ಕೆ ಬರಲಿಲ್ಲ. ನೂರಾರು ಸೈನಿಕರು ಸೆರೆಯಾದರು.

ಇಂಗ್ಲಿಷರ ಮೆದುಮಾತು ಸುಳ್ಳಲ್ಲ, ಒಳಗಿನವರ ಲೆಕ್ಕ. ‘ವೆರಿ ಇಂಟರೆಸ್ಟಿಂಗ್’ ಅಂದ್ರೆ ಎಷ್ಟೋ ಸಲ ಒಪ್ಪಿಲ್ಲ ಅಂತ. ‘ವಿತ್ ರೆಸ್ಪೆಕ್ಟ್’ ಅಂತ ಶುರುವಾದ್ರೆ, ನೀವು ಹೇಳಿದ್ದು ತಪ್ಪು ಅಂತ. ಲೆಕ್ಕ ಗೊತ್ತಿಲ್ಲದವರು ಪದಗಳನ್ನೇ ನಂಬಿ, ಲಂಡನ್ ಕಾಲ್ ಮುಗಿಸಿ ಖುಷಿಯಾಗಿ ಎದ್ದು ಬರ್ತಾರೆ.

ನಾವೇನು ಕಮ್ಮಿಯಿಲ್ಲ ಬಿಡಿ. ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ‘ಊರಿಗೆ ಹೋಗಿ ತಿಳಿಸ್ತೀವಿ’ ಅಂದವರು ತಿಳಿಸೋದೇ ಇಲ್ಲ. ಅರ್ಥ ಎರಡೂ ಮನೆಯವರಿಗೆ ಗೊತ್ತು, ಹಾಗಾಗಿ ಯಾರಿಗೂ ಮೋಸವಿಲ್ಲ.

ಮೋಸ ಆಗೋದು ಕೇಳುವವರು ಹೊರಗಿನವರಾದಾಗ. ಆಗ ಮೆದುಮಾತು ಕಾಪಾಡೋದು ಹೇಳುವವರ ಮರ್ಯಾದೆಯನ್ನು ಮಾತ್ರ, ನಷ್ಟವೆಲ್ಲ ಕೇಳಿದವರದ್ದು. ಅಂಥ ಕಡೆ ‘ಇಲ್ಲ’ ಅನ್ನೋದನ್ನು ಮೊದಲು ಹೇಳಿ. ‘ಸಾರಿ’ ಆಮೇಲೆ ಹೇಳಿದ್ರಾಯ್ತು.