ಪೆಟ್ಟಿಗೆಯಿಂದ ಬಂದ ಗಂಡು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡಿಸ್ಕೋ, ಪಾಪ್ ಎಂದೊಡನೆ 'ಅದೂ ಒಂದು ಸಂಗೀತವೇ?' ಎಂದು ಮೂಗು ಮುರಿಯುವವರನ್ನು ಕಂಡಾಗ ನನಗೆ ಈ ಗಾದೆ ನೆನಪಾಗುತ್ತದೆ. ಭಾವಗೀತೆಯ ಒಂದೊಂದು ಸಾಲನ್ನೂ ಬಿಡಿಸಿ ಅರ್ಥ ಹೇಳುವ ನಾವು, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕುಣಿಯುವ ಹಾಡು ಏನು ಹೇಳುತ್ತಿದೆ ಎಂದು ಕೇಳುವುದು ಅಪರೂಪ. ಲಕ್ಷಾಂತರ ಜನ ಕಾಸು ಕೊಟ್ಟು ಕೊಂಡ ಹಾಡು ಅವರ ಯಾವುದೋ ಆಸೆಯನ್ನು ಮುಟ್ಟಿರಲೇಬೇಕು. ಅದು ಯಾವ ಆಸೆ ಎಂದು ನೋಡುವುದೂ ವಿಮರ್ಶೆಯೇ.

ಈ ಹಾಡುಗಳ ಲೋಕದಲ್ಲಿ ಹೆಸರು ಮಾಡಿದ ನಮ್ಮ ನಾಡಿನವರೊಬ್ಬರಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಬಿದ್ದು ಅಪ್ಪಯ್ಯ. ಇಲ್ಲಿ 'ಟ್ರೋಜನ್ಸ್' ಎಂಬ ತಂಡದಲ್ಲಿ ಹಾಡಿಕೊಂಡಿದ್ದವರು 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಲಂಡನ್ನಿನಲ್ಲಿ, ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್ ಅವರಿಂದ ಒಂದು ಹಾಡು ಹಾಡಿಸಿದರು. ರೆಕಾರ್ಡಿನ ಹಿಂಬದಿಗೂ ಏನಾದರೂ ಬೇಕಲ್ಲ ಎಂದು, ಉಳಿದಿದ್ದ ಹತ್ತು ನಿಮಿಷಗಳಲ್ಲಿ ಮಾಡಿ ಮುಗಿಸಿದ್ದು 'ಕುಂಗ್ ಫೂ ಫೈಟಿಂಗ್'. ಆ ಹಿಂಬದಿಯ ಹಾಡೇ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ, ಡಿಸೆಂಬರಿನಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಈ ಪಟ್ಟಿ ಮುಖ್ಯವಾಗಿ ಮಾರಾಟದ ಲೆಕ್ಕ. ಹಾಡಿನ ಗುಣವನ್ನು ಕೇಳುಗರೇ ತೂಗಿ ನೋಡಬೇಕು.

ಹೆಂಗಸರಾದ ನಾವು ತೂಗಿ ನೋಡಬೇಕಾದ ಅವರ ಹಾಡುಗಳು ಮೂರು. ಮೊದಲನೆಯದು ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್'. ಬಿದ್ದು ನಿರ್ಮಿಸಿದ ಈ ಹಾಡು 1976ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಹುಡುಗಿಗೆ ಪ್ರೀತಿ ಬೇಕು, ಅವಳ ಹುಡುಗನಿಗೆ ಕುಣಿತವೊಂದೇ ಸಾಕು. ತಾಳ ಎಷ್ಟು ಉಲ್ಲಾಸದ್ದೋ ಮಾತು ಅಷ್ಟೇ ಅಳಲಿನದು. ಆ ಹುಡುಗಿ ಕಾಯುತ್ತಾಳೆ.

ಎರಡನೆಯದು 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ'. ಅದನ್ನು ಮಾಡಿಸಿದ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ಹಾಡಿದವಳು ಕರಾಚಿಯಲ್ಲಿ ಹುಟ್ಟಿದ ನಾಜಿಯಾ ಹಸನ್. ಆಗ ಅವಳಿಗೆ ಹದಿನೈದು ವರ್ಷ. ಲತಾ, ಆಶಾ ಅವರ ಪಳಗಿದ ಕಂಠಕ್ಕೆ ಒಗ್ಗಿದ್ದ ಕಿವಿಗೆ ಅದು ಪಕ್ಕದ ಮನೆಯ ಹುಡುಗಿಯ ದನಿಯಂತಿತ್ತು. ಎಂಥವನು ತನ್ನ ಬಾಳಿಗೆ ಬಂದರೆ ಚೆನ್ನ ಎಂದು ಈ ಹುಡುಗಿ ಬಾಯಿಬಿಟ್ಟು ಹೇಳುತ್ತಾಳೆ.

ಮೂರನೆಯದು 1995ರಲ್ಲಿ ಅಲಿಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ'. ಟಿ.ವಿ.ಯಲ್ಲಿ ಬರುತ್ತಿದ್ದ ಅದರ ಚಿತ್ರಣ ಅನೇಕರಿಗೆ ನೆನಪಿರಬಹುದು. ರಾಣಿಯ ವೇಷದ ಅಲಿಶಾಳ ಮುಂದೆ ವರರು ಬಂದು ನಿಲ್ಲುತ್ತಾರೆ. ಯಾರೂ ಅವಳ ಮನಸ್ಸಿಗೆ ಬರುವುದಿಲ್ಲ. ಕೊನೆಗೆ ಮರದ ಪೆಟ್ಟಿಗೆಯೊಂದರಿಂದ ಮಿಲಿಂದ್ ಸೋಮನ್ ಎದ್ದು ಬರುತ್ತಾನೆ. ನಮ್ಮ ಮನೆಗಳ ಹೆಣ್ಣು ನೋಡುವ ಶಾಸ್ತ್ರವನ್ನು ನೆನೆಸಿಕೊಳ್ಳಿ. ಉಪ್ಪಿಟ್ಟು ಕಾಫಿ ತಂದಿಟ್ಟು ತಲೆ ತಗ್ಗಿಸಿ ಕೂತವಳಿಗೆ 'ಒಂದು ಹಾಡು ಹೇಳಮ್ಮ' ಎನ್ನುತ್ತಿದ್ದರು. ಇಲ್ಲಿ ಎಲ್ಲ ತಿರುಗುಮುರುಗು. ಕೂತಿರುವವಳು ಹೆಣ್ಣು, ನೋಡಿಸಿಕೊಳ್ಳುವವನು ಗಂಡು. ಸೀತೆ, ದ್ರೌಪದಿಯರ ಸ್ವಯಂವರದಲ್ಲೂ ಪಣವಿಟ್ಟವರು ತಂದೆಯರು. ಈ ಸ್ವಯಂವರದಲ್ಲಿ ಆಯ್ಕೆ ಪೂರ್ತಿ ಅವಳದು. ಕಾಯುವವಳು, ಹೇಳುವವಳು, ಆರಿಸುವವಳು: ಇಪ್ಪತ್ತು ವರ್ಷಗಳಲ್ಲಿ ಮೂರು ಹಾಡುಗಳು ನಡೆದ ದಾರಿ ಇದು.

ಆದರೂ ನನ್ನದೊಂದು ತಕರಾರಿದೆ. 1991ರಲ್ಲಿ ಆರ್ಥಿಕ ನೀತಿ ಬದಲಾಗಿ ಪರದೇಶದ ಸಾಮಾನು ಅಂಗಡಿ ತುಂಬತೊಡಗಿದ್ದ ಕಾಲ ಅದು. ಹಾಡು ಸ್ವದೇಶಿ ಅಭಿಮಾನವನ್ನು ಹೇಳಲು ಹೊರಟು, ಅದಕ್ಕೆ ರಫ್ತು ಮಾಲಿನ ಚೀಟಿಯ ಮಾತನ್ನು ಆರಿಸಿಕೊಂಡಿತು. ಹೃದಯಕ್ಕೂ ಒಂದು ಮಾರ್ಕು ಬಿತ್ತು. ಆರಿಸುವ ಹಕ್ಕು ಹೆಣ್ಣಿಗೆ ಸಿಕ್ಕಿತು, ಆದರೆ ಗಿರಾಕಿಯಾಗಿ.

ಇದರ ಪಕ್ಕದಲ್ಲಿ ಇನ್ನೊಂದು ಹಾಡನ್ನು ಇಟ್ಟು ನೋಡಬೇಕು. ಡಿಸ್ಕೋದ ಮೊಮ್ಮಗಳಂಥ ಯೂರೋಡಾನ್ಸ್ 1990ರ ದಶಕದಲ್ಲಿ ಯೂರೋಪನ್ನು ಕುಣಿಸಿತು. 1997ರಲ್ಲಿ ಅಕ್ವಾ ತಂಡದ 'ಬಾರ್ಬಿ ಗರ್ಲ್' ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು, ಅಮೆರಿಕದಲ್ಲಿ ಏಳನೆಯ ಸ್ಥಾನ ಮುಟ್ಟಿತು. ಅದರಲ್ಲಿ ಪೆಟ್ಟಿಗೆಯ ಬೊಂಬೆ ಹೆಣ್ಣು. ಗಂಡು ಹೇಗೆ ಆಡಿಸಿದರೆ ಹಾಗೆ ಆಡುತ್ತಾಳೆ. ಅದು ಅಣಕವೇ ಹೌದು. ಬೊಂಬೆ ತಯಾರಿಸುವ ಮ್ಯಾಟೆಲ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ 2002ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ ಹಾಗೆಂದೇ ತೀರ್ಪಿತ್ತಿತು. ತಮಾಷೆಯೆಂದರೆ, 2009ರಲ್ಲಿ ಅದೇ ಕಂಪನಿ ಮಾತು ಬದಲಿಸಿ ಆ ಹಾಡನ್ನು ತನ್ನ ಜಾಹೀರಾತಿಗೇ ಬಳಸಿತು. ಅಣಕ ತೀರಾ ಸಿಹಿಯಾದರೆ ವ್ಯಾಪಾರಿ ಅದನ್ನೂ ಮಾರುತ್ತಾನೆ. ಹೆಣ್ಣನ್ನು ಪೆಟ್ಟಿಗೆಯಲ್ಲಿಟ್ಟು ನಕ್ಕ ಆ ಹಾಡಿಗಿಂತ, ಗಂಡನ್ನು ಪೆಟ್ಟಿಗೆಯಲ್ಲಿ ತರಿಸಿದ ಅಲಿಶಾಳ ಹಾಡೇ ನನಗೆ ಹೆಚ್ಚು ಧೈರ್ಯದ್ದಾಗಿ ಕಾಣುತ್ತದೆ.

'ಮೇಡ್ ಇನ್ ಇಂಡಿಯಾ' ಎಂಬ ಮಾತಿಗೆ ನಮ್ಮ ದೊಡ್ಡಬಳ್ಳಾಪುರದಲ್ಲಿ ಇನ್ನೂ ಒಂದು ಅರ್ಥವಿದೆ. ರೇಷ್ಮೆ ಸೀರೆಯ ಮಗ್ಗಗಳ ಈ ಊರಿಗೆ ಅಪೆರಲ್ ಪಾರ್ಕ್ ಬಂದ ಮೇಲೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗತೊಡಗಿದರು. ನನ್ನ ಹತ್ತಿರ ಓದಿದವರೂ ಅವರಲ್ಲಿದ್ದಾರೆ. ಪರದೇಶಕ್ಕೆ ಹೋಗುವ ಅಂಗಿಯ ಕಾಲರಿಗೆ ಆ ಮಾತಿನ ಲೇಬಲ್ ಹೊಲಿಯುವ ಕೈಗಳು ಇಂಥವರವು. ಗಂಟೆಗಿಷ್ಟು ಎಂಬ ಟಾರ್ಗೆಟ್ ಮುಗಿಸಿ ಸಂಜೆ ಬಸ್ಸಿಗೆ ಓಡುತ್ತಾರೆ. ಪೆಟ್ಟಿಗೆ ಬಂದಿಳಿಯುವ ಅರಮನೆಯನ್ನು ಹಾಡು ತೋರಿಸಿತು, ಪೆಟ್ಟಿಗೆ ತುಂಬಿ ಕಳಿಸುವವಳನ್ನು ತೋರಿಸಲಿಲ್ಲ.

ಆದರೆ ಆರಿಸುವ ಆಸೆ ಅವಳದೂ ಹೌದು. 'ಈ ಸಂಬಂಧ ನನಗೆ ಬೇಡ ಮೇಡಂ, ಅಪ್ಪನಿಗೆ ನೀವು ಒಂದು ಮಾತು ಹೇಳಿ' ಎಂದು ನನ್ನ ಮನೆ ಬಾಗಿಲಿಗೆ ಬಂದವರಿದ್ದಾರೆ. ಓದುವಾಗ ನಾಲ್ಕು ಜನರೆದುರು ಬಾಯಿ ತೆರೆಯದಿದ್ದ ಹುಡುಗಿಯರು ಇವರು. ಅವರ 'ಬೇಡ'ದ ಹಿಂದೆ ತಿಂಗಳ ಸಂಬಳದ ಬಲವಿದೆ. ನಿಮ್ಮ ಮನೆಯ ಹುಡುಗಿ ಇಂಥ ಹಾಡು ಹಾಕಿಕೊಂಡು ಕುಣಿದರೆ, ಸದ್ದು ಕಡಿಮೆ ಮಾಡು ಎನ್ನುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ಹಾಡಿನ ಹುಡುಗಿ ಕಾಯುತ್ತಿದ್ದಾಳೋ ಆರಿಸುತ್ತಿದ್ದಾಳೋ ಎಂದು ಅವಳನ್ನೇ ವಿಚಾರಿಸಿ.