ತಾಳ್ಳಪಾಕದ ತಾಮ್ರಪಟಗಳು: ದೊರೆತ ಮಾತು, ದೊರೆಯದ ಧಾತು

ಗೇಯಕೃತಿಯ ಸಾಹಿತ್ಯಭಾಗವನ್ನು 'ಮಾತು' ಎಂದೂ ಸಂಗೀತಭಾಗವನ್ನು 'ಧಾತು' ಎಂದೂ ವಿಂಗಡಿಸಿ, ಎರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರನೆಂದು 13ನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ನಿರೂಪಿಸಿದ್ದಾನೆ. ಪ್ರಾಚೀನ ಗೇಯಕೃತಿಗಳನ್ನು ಸಂಪಾದಿಸುವವರೂ ಧ್ವನಿಮುದ್ರಿಸುವವರೂ ಈ ಭೇದವನ್ನು ಮರೆಯುವಂತಿಲ್ಲ. ತಾಳ್ಳಪಾಕ ಅನ್ನಮಾಚಾರ್ಯರ (1408-1503) ತೆಲುಗು ಸಂಕೀರ್ತನೆಗಳ ಪುನರುದ್ಧಾರದಲ್ಲಿ ಇದು ಎಷ್ಟರಮಟ್ಟಿಗೆ ಪಾಲಿತವಾಗಿದೆ ಎಂಬುದು ವಿಚಾರಣೀಯ.

ಅನ್ನಮಾಚಾರ್ಯರು 32,000 ಸಂಕೀರ್ತನೆಗಳನ್ನು ರಚಿಸಿದರೆಂಬುದು ಪರಂಪರೆಯ ಮಾತು. ಉಪಲಬ್ಧವಾಗಿರುವವು 12,000ಕ್ಕೂ ಮಿಕ್ಕಿವೆ. ಅವುಗಳನ್ನು ತಾಮ್ರಪಟಗಳಲ್ಲಿ ಕೆತ್ತಿಸಿ ತಿರುಮಲೆಯ ದೇವಾಲಯದ ಸಂಕೀರ್ತನ ಭಂಡಾರದಲ್ಲಿ ಇರಿಸಲಾಗಿತ್ತು. ಈ ಪಟಗಳ ಸುದ್ದಿ ಎ. ಡಿ. ಕ್ಯಾಂಪ್‌ಬೆಲ್ಲನ 1816ರ ತೆಲುಗು ವ್ಯಾಕರಣದ ಪೀಠಿಕೆಯಲ್ಲಿಯೇ ಇದೆ. ಆತನು ಒಬ್ಬರನ್ನು ಕಳುಹಿಸಿ ಪರೀಕ್ಷೆ ಮಾಡಿಸಿದನು; ಒಂದು ವ್ಯಾಕರಣ ಗ್ರಂಥದ ಹೊರತು ಉಳಿದದ್ದೆಲ್ಲವೂ ದೇವರ ಸ್ತೋತ್ರವೆಂದು ತಿಳಿದು ಅಷ್ಟಕ್ಕೇ ಬಿಟ್ಟನು. ಬೇಕಾಗಿದ್ದುದು ವ್ಯಾಕರಣ, ಸಂಗೀತವು ಕಣ್ಣಿಗೆ ಬೀಳಲಿಲ್ಲ. ಪಟಗಳು ವಿದ್ವಾಂಸರ ಕೈಸೇರಿ ಪರಿಷ್ಕರಣಕ್ಕೆ ಒಳಗಾಗಲು 20ನೆಯ ಶತಮಾನವೇ ಬರಬೇಕಾಯಿತು.

ಸಂಪಾದಕರಲ್ಲಿ ವೇಟೂರಿ ಪ್ರಭಾಕರ ಶಾಸ್ತ್ರಿಗಳೂ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರೂ ಪ್ರಮುಖರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಹಲವು ದಶಕ ತೆಲುಗು ಬೋಧಿಸಿದ ಶರ್ಮರು ಪ್ರಾಕೃತದ ಗಾಥಾಸಪ್ತಶತಿಯಿಂದ ತೆಲುಗಿಗೆ ಅನುವಾದ ಮಾಡಿದವರು, ಸಂಗೀತಶಾಸ್ತ್ರದಲ್ಲಿಯೂ ನಿಷ್ಣಾತರು. ಪಾಠಪರಿಷ್ಕಾರ, ಸ್ವರಯೋಜನೆ ಎರಡೂ ಒಬ್ಬರಲ್ಲಿಯೇ ಕೂಡಿಬಂದುದು ಈ ಕಾರ್ಯದ ಭಾಗ್ಯ. ಆದರೆ ಪಟಗಳಲ್ಲಿ ಸಂಕೀರ್ತನೆಯ ಶಿರೋಭಾಗದಲ್ಲಿ ರಾಗದ ಹೆಸರಿದೆಯೇ ಹೊರತು ಸ್ವರಲೇಖನವಿಲ್ಲ. ತಾಳದ ನಿರ್ದೇಶವೂ ಸಾಮಾನ್ಯವಾಗಿ ಇಲ್ಲ. ಆದಕಾರಣ ಶರ್ಮರು ಯೋಜಿಸಿದ ಧಾತು ಶರ್ಮರದೇ ಸೃಷ್ಟಿ.

ರಾಗನಾಮ ಉಳಿದಿರುವಾಗ ಧಾತುವಿನ ಜಾಡು ಸಿಕ್ಕಿದಂತೆಯೇ ಅಲ್ಲವೆ ಎಂಬ ಆಕ್ಷೇಪ ಬರಬಹುದು. ಪಟಗಳಲ್ಲಿ ಕಾಣುವ ಮುಖಾರಿ ರಾಗವೇ ಇದಕ್ಕೆ ಉತ್ತರ. 1550ರ ಸ್ವರಮೇಲಕಲಾನಿಧಿಯಲ್ಲಿ ರಾಮಾಮಾತ್ಯನು ಮುಖಾರಿಯನ್ನು ಶುದ್ಧಸ್ವರಗಳ ಮೇಳವೆಂದು ಹೇಳುತ್ತಾನೆ; ಈಗಿನ ಪರಿಭಾಷೆಯಲ್ಲಿ ಅದು ಕನಕಾಂಗಿಗೆ ಸಮಾನ. ಇಂದು ಹಾಡುವ ಮುಖಾರಿಯಾದರೋ 22ನೆಯ ಮೇಳವಾದ ಖರಹರಪ್ರಿಯದ ಜನ್ಯ. ಹೆಸರು ಒಂದೇ, ಸ್ವರೂಪ ಬೇರೆ. ಪಟದ ರಾಗವನ್ನೇ ನಿಷ್ಠೆಯಿಂದ ಹಾಡಿದರೂ 15ನೆಯ ಶತಮಾನದ ನಾದವು ದೊರೆಯಿತೆಂದು ಹೇಳಲಾಗದು.

1978ರಲ್ಲಿ ತಿರುಮಲ ತಿರುಪತಿ ದೇವಸ್ಥಾನವು ಅನ್ನಮಾಚಾರ್ಯ ಯೋಜನೆಯನ್ನು ಆರಂಭಿಸಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಬಾಲಾಜಿ ಪಂಚರತ್ನಮಾಲಾ ಧ್ವನಿಮುದ್ರಿಕೆಗಳು ಈ ಸಾಹಿತ್ಯವನ್ನು ಮನೆಮನೆಗೆ ಮುಟ್ಟಿಸಿದವು. ಈ ಉಪಕಾರವು ಸಾಮಾನ್ಯವಾದುದಲ್ಲ. ಭಂಡಾರದ ಕತ್ತಲೆಯಲ್ಲಿದ್ದ ಶುದ್ಧಪಾಠಕ್ಕಿಂತ ಜನರ ಕಂಠದಲ್ಲಿರುವ ಪಾಠ ಮೇಲೆಂಬ ವಾದವನ್ನು ತಳ್ಳಿಹಾಕುವುದು ಸಾಧ್ಯವಿಲ್ಲ. ಆದರೂ ಕಾಲಕ್ರಮದಲ್ಲಿ ಒಂದು ಭ್ರಾಂತಿ ಬೆಳೆದಿದೆ: ಈಗ ಕೇಳುವ ಧಾತುವೇ ಅನ್ನಮಾಚಾರ್ಯರದೆಂದು ಶ್ರೋತೃಗಳು ನಂಬುತ್ತಾರೆ. ಪುರಂದರದಾಸರ ಕನ್ನಡ ದೇವರನಾಮಗಳ ಪ್ರಚಲಿತ ಮಟ್ಟುಗಳ ವಿಷಯದಲ್ಲಿಯೂ ಇದೇ ಭ್ರಾಂತಿಯುಂಟು.

ತಾಡವಾಲೆಯಲ್ಲಿ ಗರಿ ಮುರಿದೆಡೆ ಸಂಪಾದಕನು ಊಹಿತ ಪಾಠವನ್ನು ಕಂಸದೊಳಗಿಟ್ಟು ತನ್ನದೆಂದು ಸೂಚಿಸುತ್ತಾನೆ. ಹಾಗೆ ಸೂಚಿಸದಿದ್ದರೆ ಊಹೆಯೇ ಮುಂದಿನ ಪ್ರತಿಕಾರನ ಕೈಯಲ್ಲಿ ಮೂಲವಾಗಿಬಿಡುತ್ತದೆ. ಧ್ವನಿಮುದ್ರಣಕ್ಕೆ ಕಂಸವಿಲ್ಲ, ಕಂಠವು ಮೂಲವನ್ನೂ ಊಹೆಯನ್ನೂ ಬೆಸೆದು ಒಂದು ಮಾಡುತ್ತದೆ. ಆದುದರಿಂದ ಪ್ರತಿಯೊಂದು ಮುದ್ರಣದೊಡನೆ ಪಟದ ರಾಗ, ಹಾಡಿರುವ ರಾಗ, ಆರಿಸಿಕೊಂಡ ತಾಳ, ಧಾತುಕಾರನ ಹೆಸರು ಈ ನಾಲ್ಕನ್ನೂ ನಮೂದಿಸುವುದು ಅವಶ್ಯ. ಇದರಿಂದ ಗಾಯನದ ರಸಕ್ಕೆ ಕುಂದಿಲ್ಲ. ಪೂರ್ವಸೂರಿಗೂ ಧಾತುಕಾರನಿಗೂ ಸಲ್ಲಬೇಕಾದುದು ಸಲ್ಲುತ್ತದೆ. ಹಸ್ತಪ್ರತಿಗಳಲ್ಲಿ ಉಳಿದಿರುವ ಇತರ ಗೇಯಕೃತಿಗಳನ್ನು ಹಾಡಿಸಲು ಹೊರಡುವವರು ಮೊದಲ ಮುದ್ರಣದಿಂದಲೇ ಈ ನಿಯಮವನ್ನು ಪಾಲಿಸುವುದು ಲೇಸು.