ಬೀದಿಯ ವ್ಯಾಖ್ಯಾನ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿದ ನಮ್ಮ ಲಾಕ್ಷಣಿಕರು ಕಣ್ಣಿಗೊಂದು ಪಾಲು, ಕಿವಿಗೊಂದು ಪಾಲು ಹಂಚಿ ನಿಶ್ಚಿಂತರಾದರು. ನೋಡುವವನ ಕಿವಿಯಲ್ಲಿ ಇನ್ನೊಬ್ಬನು ಕುಳಿತು, ಅವನು ನೋಡುತ್ತಿರುವುದನ್ನೇ ಅವನಿಗೆ ವರ್ಣಿಸುವ ಸಂದರ್ಭ ಅವರಿಗೆ ಒದಗಿರಲಿಲ್ಲ. ನಮಗೆ ಒದಗಿದೆ. ಆಡಿಯೋ ಟೂರ್ ಎಂಬ ಹೆಸರಿನ ಈ ಪದ್ಧತಿಯಲ್ಲಿ ಯಾತ್ರಿಕನಿಗೆ ಗೈಡು ಬೇಡ, ಗುಂಪೂ ಬೇಡ. ಮೊಬೈಲಿನಲ್ಲಿ ಒಂದು ಧ್ವನಿ, ಕಿವಿಗೊಂದು ಇಯರ್‌ಫೋನು ಇದ್ದರಾಯಿತು. ತೋಚಿದಾಗ ಹೊರಟು, ಬೇಕಾದಲ್ಲಿ ನಿಂತು, ಬೇಸರವಾದರೆ ಮಾತನಾಡುವವನ ಬಾಯಿ ಮುಚ್ಚಿಸಿ ಮುಂದೆ ನಡೆಯಬಹುದು. ಈ ಕೊನೆಯ ಸೌಕರ್ಯ ನಮ್ಮ ಸಭೆಗಳಲ್ಲಿಯೂ ಇದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸೀತು.

ಇದನ್ನು ಪ್ರವಾಸದ ಸೌಲಭ್ಯಗಳ ಪಟ್ಟಿಗೆ ಸೇರಿಸಿ ಸುಮ್ಮನಾಗುವವರೇ ಹೆಚ್ಚು. ಆದರೆ ಬರೆದು, ತಿದ್ದಿ, ಧ್ವನಿ ಕೊಟ್ಟು ಕೇಳುಗನ ಮುಂದಿಡುವ ಮಾತು ಗದ್ಯದ ಒಂದು ಪ್ರಕಾರವೇ ಸರಿ. ಆದುದರಿಂದ ಅದು ವಿಮರ್ಶೆಗೆ ಒಳಪಡತಕ್ಕದ್ದು.

ಈ ಪ್ರಕಾರದ ಜಾತಕ ತೆರೆದರೆ 1952ನೆಯ ಇಸವಿ ಕಾಣುತ್ತದೆ. ಆ ವರ್ಷ ಆಮ್‌ಸ್ಟರ್‌ಡ್ಯಾಮಿನ ಸ್ಟೆಡಲಿಕ್ ಮ್ಯೂಸಿಯಂ ತನ್ನ ಸಂದರ್ಶಕರ ಕೈಗೆ ಪುಟ್ಟ ರೇಡಿಯೋ ಕೊಟ್ಟು, ಚಿತ್ರಗಳ ವಿವರಣೆಯನ್ನು ಕಿವಿಗೆ ಬಿತ್ತರಿಸಿತು. ಅದೇ ವರ್ಷ ಫ್ರಾನ್ಸಿನ ಶಾಂಬೋರ್ ಅರಮನೆಯಲ್ಲಿ ಧ್ವನಿ-ಬೆಳಕಿನ ಪ್ರದರ್ಶನವೂ ಹುಟ್ಟಿತು. ಇಬ್ಬರು ಹಿರಿಯರ ದೋಷಗಳೂ ಸಂತತಿಗೆ ಇಳಿದು ಬಂದಿವೆ: ಒಬ್ಬನಿಂದ ತಾರೀಖುಗಳ ಚಪಲ, ಇನ್ನೊಬ್ಬನಿಂದ ಗಂಭೀರವಾದ ಗಂಟಲು.

ನಮ್ಮ ಮೈಸೂರು ಅರಮನೆಯಲ್ಲಿ ಆಡಿಯೋ ಗೈಡು ಬಳಸಿದವರಿಗೆ ಅದರ ಅನುಕೂಲ ಗೊತ್ತಿದೆ. ಅರಮನೆಯೆಂದರೆ ಸಿದ್ಧವಾದ ಗ್ರಂಥ. ಒಳಗೆ ಹೋಗುವ ದಾರಿ, ಹೊರಬರುವ ದಾರಿ ಗೊತ್ತಾಗಿವೆ, ಒಂದು ಸಭಾಂಗಣವಾದ ಮೇಲೆ ಇನ್ನೊಂದು. ಹಳೆಯ ಪೇಟೆಯ ಬೀದಿ ಹಾಗಲ್ಲ. ಅದು ಪುಟ ಕಲಸಿದ ಹಸ್ತಪ್ರತಿ, ಮೇಲಾಗಿ ಇನ್ನೂ ಬರೆಯಲ್ಪಡುತ್ತಿರುವ ಪ್ರತಿ. ಅಲ್ಲಿ ದೇವಸ್ಥಾನದ ಪಕ್ಕದಲ್ಲಿ ಮೊಬೈಲು ರಿಪೇರಿಯಂಗಡಿ, ಬುರುಜು ಇದ್ದಲ್ಲಿ ಸ್ಕೂಟರುಗಳ ನಿಲ್ದಾಣ.

ಶಿವಮೊಗ್ಗದ ಕೋಟೆ ಪ್ರದೇಶವನ್ನೇ ನೋಡೋಣ. ತುಂಗೆಯ ದಂಡೆ, ಸೀತಾರಾಮಾಂಜನೇಯ ದೇವಾಲಯ, ಶಿವಪ್ಪನಾಯಕನ ಅರಮನೆ, ಮಾರಿಕಾಂಬಾ ಗುಡಿ, ಆಚೆಗೆ ಗಾಂಧಿ ಬಜಾರು. ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಇಲ್ಲಿಗೆ ಕೇಳುತ್ತ ನಡೆಯುವ ಒಂದು ಹಾದಿಯನ್ನು ಬರೆಯುವವರು ಯಾವ ಕನ್ನಡದಲ್ಲಿ ಬರೆದಾರು? "ಈ ಭವ್ಯ ಸ್ಮಾರಕವು ನಮ್ಮ ಗತವೈಭವಕ್ಕೆ ಸಾಕ್ಷಿಯಾಗಿ ನಿಂತಿದೆ" ಎಂಬ ವಾಕ್ಯ ಈಗಾಗಲೇ ತುದಿನಾಲಗೆಯಲ್ಲಿ ಸಿದ್ಧವಾಗಿರುತ್ತದೆಯೆಂಬುದೇ ನಮ್ಮ ಭಯ. ಬೇಲೂರಿಗೂ ಬಿಜಾಪುರಕ್ಕೂ ಒಂದೇ ಹದನಾಗಿ ಹೊಂದುವ ಈ ವಾಕ್ಯ ಯಾವ ಊರನ್ನೂ ಹೇಳುವುದಿಲ್ಲ. ಈಗಂತೂ ಯಂತ್ರವೇ ಕನ್ನಡವನ್ನು ಓದಬಲ್ಲ ಕಾಲ. ಇಂಥ ವಾಕ್ಯಕ್ಕೆ ಅದೇ ತಕ್ಕ ಕಂಠ.

ಮಾದರಿಗಾಗಿ ಆಮ್‌ಸ್ಟರ್‌ಡ್ಯಾಮಿಗೆ ಹೋಗಬೇಕಾಗಿಲ್ಲ. ಶಿವಮೊಗ್ಗದ ಬಳಿಯಲ್ಲಿಯೇ, ತುಂಗೆಯ ದಡದ ಹೊಸಹಳ್ಳಿ ಇದೆ. ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು, ಅದೇ ವರ್ಷ ಅವರು ತೀರಿಕೊಂಡರು. ಗಮಕದ ಸಭೆಯಲ್ಲಿ ಇಬ್ಬರು ಕುಳಿತಿರುತ್ತಾರೆ. ಒಬ್ಬನು ಪದ್ಯವನ್ನು ವಾಚಿಸುತ್ತಾನೆ, ಇನ್ನೊಬ್ಬನು ಅರ್ಥ ಹೇಳುತ್ತಾನೆ. ಒಳ್ಳೆಯ ವ್ಯಾಖ್ಯಾನಕಾರನ ಮೊದಲನೆಯ ಗುಣ ಪಾಂಡಿತ್ಯವಲ್ಲ. ವಾಚನ ನಡೆಯುವಾಗ ತಾನು ಸುಮ್ಮನಿರುವುದು. ಪದ್ಯ ತಾನೇ ತಿಳಿಯುವಂತಿದ್ದರೆ ಎರಡು ಮಾತಿನಲ್ಲಿ ಮುಗಿಸಿ ಮುಂದಿನದಕ್ಕೆ ದಾರಿ ಬಿಡುತ್ತಾನೆ. ಕಠಿಣವಾದಲ್ಲಿ ಮಾತ್ರ ನಿಂತು ಬಿಡಿಸುತ್ತಾನೆ. ಬೀದಿಯ ನಡಿಗೆಯಲ್ಲಿ ವಾಚಿಸತಕ್ಕದ್ದು ಊರು. ಕಿವಿಯೊಳಗಿನ ಧ್ವನಿ ಬರಿಯ ವ್ಯಾಖ್ಯಾನಕಾರ. ಆಡಿಯೋ ಟೂರುಗಳ ದೊಡ್ಡ ದೋಷವೆಂದರೆ ಗಮಕಿಯನ್ನು ಮೂಲೆಯಲ್ಲಿ ಕೂರಿಸಿ ವ್ಯಾಖ್ಯಾನಕಾರನೇ ಇಡೀ ರಾತ್ರಿ ಮಾತನಾಡುವುದು. ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಫೋನು ಈ ದೋಷಕ್ಕೆ ಬೀಗವನ್ನೂ ಹಾಕಿಕೊಡುತ್ತದೆ. ಬಜಾರಿನಲ್ಲಿ ನಡೆಯುವವನಿಗೆ ಬಜಾರೇ ಕೇಳಿಸದು!

ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಬೇಕು ಎಂಬುದಕ್ಕೆ ಅರಮನೆಯೇ ಉದಾಹರಣೆ. ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಆ ಎರಡಂತಸ್ತಿನ ಮರದ ಕಟ್ಟಡದ ಹೆಸರು ಶಿವಪ್ಪನಾಯಕನದು. ಅವನು ಕೆಳದಿಯನ್ನಾಳಿದ್ದು 1645ರಿಂದ 1660ರವರೆಗೆ. ಕಟ್ಟಡದ ರೀತಿಯಾದರೋ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದೆಂದು ಇತಿಹಾಸಕಾರರು ಹೇಳುವುದುಂಟು. ಹೆಸರು ಒಬ್ಬನದು, ಗೋಡೆ ಇನ್ನೊಬ್ಬನದು ಎಂಬ ಈ ಸಂಗತಿಯನ್ನು ಮುಚ್ಚಿ ಕಥೆ ಹೇಳುವುದು ಸುಲಭ. ಕೇಳುಗ ಬುದ್ಧಿವಂತನೆಂದು ನಂಬಿದ ಬರೆಹಗಾರ ಎರಡನ್ನೂ ಹೇಳಿ, ನಾಯಕನು ಭೂಮಿಯನ್ನು ಫಲವತ್ತತೆಯ ಮೇಲೆ ವಿಂಗಡಿಸಿ ಕಂದಾಯ ಗೊತ್ತುಮಾಡಿದ 'ಶಿಸ್ತಿ'ನಿಂದಾಗಿ ಅವನ ಹೆಸರು ಜನರ ಬಾಯಲ್ಲಿ ಉಳಿದ ಬಗೆಯನ್ನು ಸೂಚಿಸಿಯಾನು. ಅಂಗಳದ ವೀರಗಲ್ಲುಗಳಿಗೆ ಮಾತ್ರ ಧ್ವನಿ ನಿಜಕ್ಕೂ ಬೇಕು. ನಮ್ಮ ಕಣ್ಣು ಪುಸ್ತಕದ ಅಭ್ಯಾಸದಿಂದ ಮೇಲಿನಿಂದ ಕೆಳಕ್ಕೆ ಓದುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. "ಬುಡದಿಂದ ನೋಡಿ" ಎಂಬ ಎರಡು ಮಾತು ಹೇಳಿ ಧ್ವನಿ ಸುಮ್ಮನಾದರೆ ಸಾಕು, ಕಲ್ಲೇ ಮುಂದಿನದನ್ನು ಹೇಳುತ್ತದೆ.

ನಡಿಗೆಯ ಹಾದಿಯನ್ನೂ ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಮಾರಿಕಾಂಬೆ ತವರುಮನೆಯಾದ ಗಾಂಧಿ ಬಜಾರಿನಿಂದ ಕೋಟೆಯ ಗುಡಿಗೆ ಹೋಗುತ್ತಾಳೆ. ಅಮ್ಮನು ನಡೆದ ದಾರಿಯೇ ಊರಿನ ಒಳದಾರಿ; ರಾಜರಿಂದ ಆರಂಭಿಸುವ ಬದಲು ಅಂಗಡಿಸಾಲಿನಿಂದ ಆರಂಭಿಸುವ ಧೈರ್ಯ ಅದರಲ್ಲಿದೆ. ಕೊನೆಯ ನಿಲುಗಡೆಯಾಗಿ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲುಮಂಟಪ ಆಗಬಹುದು. ಮಳೆಗಾಲದಲ್ಲಿ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳೆಂದು ಶಿವಮೊಗ್ಗದವರ ಲೆಕ್ಕ; ಜನ ನೋಡಲು ಸೇರುತ್ತಾರೆ. ಬೇಸಿಗೆಯಲ್ಲಿ ಮುದ್ರಿಸಿದ ಧ್ವನಿ, ಆಷಾಢದಲ್ಲಿ ಕಾಣದ ಮಂಟಪವನ್ನು "ನಿಮ್ಮೆದುರಿಗೆ ನೋಡಿ" ಎಂದರೆ ನಗೆಪಾಟಲಾಗುತ್ತದೆ. ಇಲ್ಲಿಗೆ ಎರಡು ಪಾಠ ಬೇಕು, ಒಂದು ಮುಳುಗಿದ ದಿನಗಳಿಗೆ.

ಇಷ್ಟಾದರೂ ಶಿವಮೊಗ್ಗ ಸುಲಭದ ಪರೀಕ್ಷೆಯೇ. ಇಪ್ಪತ್ತು ಕಿಲೋಮೀಟರಿನೊಳಗಿನ ಭದ್ರಾವತಿಗೆ ಬಂದರೆ ಪ್ರಶ್ನೆಪತ್ರಿಕೆ ಬಿಗಿಯಾಗುತ್ತದೆ. ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ; ತ್ರಿಕೂಟ, ಹದಿಮೂರನೆಯ ಶತಮಾನದ್ದು. ಅದನ್ನು ವರ್ಣಿಸಲು ಮಾತು ನಮ್ಮಲ್ಲಿ ಧಾರಾಳ. ಆದರೆ ಬೆಂಕಿಪುರವೆಂದಿದ್ದ ಈ ಊರನ್ನು ಭಾರತದ ಭೂಪಟಕ್ಕೆ ಏರಿಸಿದ್ದು 1918ರಲ್ಲಿ ಆರಂಭವಾಗಿ 1923ರಲ್ಲಿ ಕಬ್ಬಿಣ ಕೊಟ್ಟ ಕಾರ್ಖಾನೆ. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಕಾಡಿನ ಸೌದೆಯನ್ನು ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ ಸಾಹಸ ಅದು; ನಷ್ಟದಲ್ಲಿದ್ದಾಗ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು ನಿಲ್ಲಿಸಿದರು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಮುಂದೆ ವೃತ್ತಪತ್ರಿಕೆಯ ಕಾಗದವನ್ನೂ ತಯಾರಿಸಿತು. ನಮ್ಮ ಓದುಗರಲ್ಲಿ ಅನೇಕರು ಬೆಳಗಿನ ಕಾಫಿಯೊಡನೆ ಅದನ್ನು ಮಡಿಸಿಟ್ಟವರೇ ಇದ್ದಾರು. ಕಳೆದ ದಶಕದ ನಡುವಿನಲ್ಲಿ ಅದರ ಯಂತ್ರಗಳು ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಟು ಕಾರ್ಮಿಕರು ಧರಣಿ ಕುಳಿತರು; ಅದೇ ಆಗಸ್ಟಿನಲ್ಲಿ ಬಾರ್ ಮಿಲ್ಲು ಮತ್ತೆ ಚಲಿಸಿತು. ಇಲ್ಲಿ ಗತವೈಭವದ ಗಂಟಲು ಕೆಲಸಕ್ಕೆ ಬಾರದು. ಯಾವುದು ಗತ, ಯಾವುದು ಇನ್ನೂ ಬದುಕಿರುವುದು ಎಂಬುದೇ ಆ ಊರಿನವರ ಅನ್ನದ ಪ್ರಶ್ನೆ.

ಅಮೆರಿಕದ ಆಲ್ಕಟ್ರಾಜ್ ಎಂಬ ಹಳೆಯ ಸೆರೆಮನೆಯ ಆಡಿಯೋ ಟೂರು 1987ರಲ್ಲಿ ಸಿದ್ಧವಾದಾಗ, ಅಲ್ಲಿ ಕಾವಲಿದ್ದವರ ಮತ್ತು ಸೆರೆಯಲ್ಲಿದ್ದವರ ಸ್ವಂತ ಧ್ವನಿಗಳನ್ನೇ ಅದರಲ್ಲಿ ಸೇರಿಸಿದರು. ಭದ್ರಾವತಿಗೆ ಬೇಕಾದದ್ದು ಅದು. ಸಲಕರಣೆಯ ಕೊರತೆಯಿಲ್ಲ, 1965ರಿಂದ ಆಕಾಶವಾಣಿಯ ಕೇಂದ್ರ ಅದೇ ಊರಿನಲ್ಲಿದೆ, ಮಲೆನಾಡಿನ ಮಾತನ್ನು ಮೈಕಿಗೆ ಒಗ್ಗಿಸಿದ ಅನುಭವ ಅದಕ್ಕಿದೆ. ಅಂದಹಾಗೆ, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಖಾಸಗಿ ರೇಡಿಯೋ ನಿಲಯಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಕೇಳುವ ಗದ್ಯದಲ್ಲಿ ಕನ್ನಡ ಎಳೆಯದೇನೂ ಅಲ್ಲ.

ಆ ಕೇಂದ್ರ ಆರಂಭವಾದ ವರ್ಷ ಇಪ್ಪತ್ತರ ಹರೆಯದಲ್ಲಿ ಕುಲುಮೆಯ ಕೆಲಸಕ್ಕೆ ಸೇರಿದವನಿಗೆ ಈಗ ಎಂಬತ್ತು. ಕರಗಿದ ಕಬ್ಬಿಣ ಹದಕ್ಕೆ ಬಂತೆಂದು ಯಾವ ಬಣ್ಣ ನೋಡಿ ತಿಳಿಯುತ್ತಿದ್ದರು, ರಾತ್ರಿ ಪಾಳಿಯಿಂದ ಮನೆಗೆ ಬರುವಾಗ ಯಾವ ಸದ್ದು ಬೆನ್ನ ಹಿಂದೆ ಇರುತ್ತಿತ್ತು, ಕನ್ನಡ, ತಮಿಳು, ತೆಲುಗು, ಉರ್ದು ಬೆರೆತ ಆ ಕೆಲಸದ ನೆಲದಲ್ಲಿ ಒಬ್ಬರನ್ನೊಬ್ಬರು ಏನೆಂದು ಕೂಗುತ್ತಿದ್ದರು: ಇವನ್ನು ನಾವು ಬರೆದು ಯಾರಿಂದಲೋ ಓದಿಸುವುದಲ್ಲ, ಅವರ ಬಾಯಿಂದಲೇ, ಅವರ ಕೆಮ್ಮಿನೊಡನೆಯೇ ಹಿಡಿದಿಡಬೇಕು. ದೇವಾಲಯದ ಪಾಠವನ್ನು ಆಮೇಲೆ ಬರೆಯಬಹುದು.